ನಡುಮನೆಗೆ ತಂದ ಜಾಡಿ

ನಾನು ಹುಟ್ಟಿದ ಮನೆಯಲ್ಲಿ ಅಳುವುದಕ್ಕೆ ಬೇರೆ ಜಾಗ ಇತ್ತು. ಅಡುಗೆಮನೆಯಲ್ಲಿ, ಒಲೆಯ ಹಿಂದೆ. ಅಲ್ಲಿ ಹೊಗೆ ಇರುತ್ತಿತ್ತು, ಕಣ್ಣು ಕೆಂಪಾದರೆ ಯಾರೂ ಯಾಕೆ ಅಂತ ಕೇಳುತ್ತಿರಲಿಲ್ಲ. ನಡುಮನೆಯಲ್ಲಿ ಅಳಕೂಡದು. ನಡುಮನೆ ದೇವರದು ಅನ್ನುತ್ತಿದ್ದ ಅಪ್ಪ. ಪಾಂಡವಪುರದಿಂದ ತೊಣ್ಣೂರಿಗೆ ಹೋಗುವ ರಸ್ತೆಯ ಪಕ್ಕದಲ್ಲಿತ್ತು ನಮ್ಮ ನಾಡಹೆಂಚಿನ ಮನೆ. ಮುಂದೆ ಜಗಲಿ, ಒಳಗೆ ನಡುಮನೆ, ಅದರ ಹಿಂದೆ ಅಡುಗೆಮನೆ, ಆಮೇಲೆ ಹಿತ್ತಿಲು. ನಾವು ಕ್ರಿಸ್ತರು, ಆ ಕಡೆ ಬೆರಳಲ್ಲಿ ಎಣಿಸುವಷ್ಟು ಮನೆಗಳು, ಚರ್ಚು ಕಟ್ಟಿಸುವ ಶಕ್ತಿ ಯಾರಿಗೂ ಇರಲಿಲ್ಲ. ಅಪ್ಪ ನಡುಮನೆಯನ್ನೇ ಪ್ರಾರ್ಥನೆಗೆ ಬಿಟ್ಟುಕೊಟ್ಟ. ಭಾನುವಾರ ಈಚಲು ಚಾಪೆ ಹಾಸಿದರೆ ಅದು ಚರ್ಚು, ಸುತ್ತಿಟ್ಟರೆ ಮನೆ. ಒಂದು ಭಾನುವಾರ ನಾನು ಈಳಿಗೆಮಣೆಯಲ್ಲಿ ಬೆರಳು ಕೊಯ್ದುಕೊಂಡು, ರಕ್ತ ಸುರಿಸುತ್ತಾ, ಕಿರುಚುತ್ತಾ ನಡುಮನೆಗೆ ಓಡಿದೆ. ಹೊಸ್ತಿಲಲ್ಲೇ ಅವ್ವ ನನ್ನನ್ನು ಹಿಡಿದು ಬಾಯಿ ಮುಚ್ಚಿ ಒಳಕ್ಕೆ ಎಳೆದುಕೊಂಡಳು. ಕೂತಿದ್ದ ಜನಕ್ಕೆ, "ಏನಿಲ್ಲ ಏನಿಲ್ಲ, ಬೀಟ್ರೂಟ್ ಹೆಚ್ತಿದ್ಲು, ಕೈ ಕೆಂಪಗಾಗದೆ" ಅಂದಳು. ಜನ ಕೀರ್ತನೆ ಮುಂದುವರಿಸಿದರು. ಆ ಮನೆ ನನಗೆ ಕಲಿಸಿದ ಮೊದಲ ಪಾಠ ಅದು. ಗಾಯ ಇದ್ದರೆ ಅಡುಗೆಮನೆಯಲ್ಲಿ ಇರಬೇಕು.

ಆದರೆ ನಾನು ಹೇಳಬೇಕಾದದ್ದು ಆ ವಯಸ್ಸಿನದ್ದಲ್ಲ. ನಲವತ್ತು ದಾಟಿದ ಮೇಲೆ, ತೊಂಬತ್ತರ ದಶಕದಲ್ಲಿ, ಗಂಡನ ಮನೆಯಿಂದ ಟ್ರಂಕು ಹೊತ್ತುಕೊಂಡು ಅದೇ ಮನೆಗೆ ವಾಪಸು ಬಂದ ವರ್ಷಗಳದ್ದು. ಮನುಷ್ಯರು ಚಿಕ್ಕಂದಿನಲ್ಲೇ ತಿದ್ದಿಕೊಳ್ಳುತ್ತಾರೆ ಅಂತ ಓದಿದವರು ಹೇಳುತ್ತಾರೆ. ನಾನು ಮೂರನೇ ಕ್ಲಾಸಿಗೆ ಬಿಟ್ಟವಳು, ಬೈಬಲ್ಲನ್ನು ಈಗಲೂ ಬೆರಳಿಟ್ಟು ಓದುತ್ತೇನೆ, ಎಲ್ಲದರಲ್ಲೂ ನಿಧಾನ. ಆ ಮನೆ ನನ್ನನ್ನು ಎರಡು ಸಲ ಬೆಳೆಸಬೇಕಾಯಿತು. ಎರಡನೇ ಸಲ ಬಂದಾಗ ಅಪ್ಪ ಇರಲಿಲ್ಲ. ಅವ್ವ ಇದ್ದಳು, ಮಂಡಿನೋವು ಹಿಡಿದು, ಗೋಡೆ ಹಿಡಿದು ನಡೆಯುತ್ತಾ. ತಮ್ಮ ಪ್ರಭಾಕರ ಇದ್ದ. ಅವನ ಹೆಂಡತಿ ಶಾಂತ ಇರಲಿಲ್ಲ, ಅವಳ ತವರಿಗೆ ಹೋಗಿದ್ದಳು. ಅವ್ವ ಜನಕ್ಕೆ ಹೇಳಿದ್ದು, ಶಾಂತನ ತಾಯಿಗೆ ಹುಷಾರಿಲ್ಲ, ನೋಡಿಕೊಳ್ಳಲು ಹೋಗಿದ್ದಾಳೆ ಅಂತ. ನನ್ನ ಬಗ್ಗೆ ಹೇಳಿದ್ದು, ಅಳಿಯ ಬೊಂಬಾಯಲ್ಲಿ ಕೆಲಸದಲ್ಲಿದ್ದಾನೆ, ಮನೆ ಸಿಗುವತನಕ ಮಗಳು ಇಲ್ಲಿರುತ್ತಾಳೆ ಅಂತ. ನನ್ನ ಗಂಡ ಇದ್ದದ್ದು ಕೆ.ಆರ್. ಪೇಟೆಯಲ್ಲಿ, ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಹೋಗಿ ಬರಬಹುದಾದಷ್ಟು ದೂರದಲ್ಲಿ, ಇನ್ನೊಬ್ಬಳ ಜೊತೆ. ಭಾನುವಾರ ಜನ ನನ್ನ ಕೈ ಹಿಡಿದು "ಬೊಂಬಾಯಿಂದ ಕಾಗ್ದ ಬಂತೇನವ್ವ ರಾಹೇಲಿ?" ಅಂತ ಕೇಳುವರು. ನಾನು ಬಾಯಿ ಬಿಡುವಷ್ಟರಲ್ಲಿ ಅವ್ವ "ಬತ್ತಾನೇ ಅದೆ" ಅನ್ನುವಳು.

ನಮ್ಮ ಸಭೆಯಲ್ಲಿ ಸಾಕ್ಷಿ ಅಂತ ಒಂದು ಪದ್ಧತಿ. ಕೀರ್ತನೆ ಮುಗಿದ ಮೇಲೆ, ಪಾದ್ರಿಯ ಪ್ರಸಂಗ ಶುರುವಾಗುವ ಮೊದಲು, ಯಾರು ಬೇಕಾದರೂ ಎದ್ದು ನಿಂತು ಕರ್ತನು, ಅಂದರೆ ದೇವರು, ತಮಗೆ ಏನು ಮಾಡಿದ ಅಂತ ಹೇಳಬಹುದು. ಯಾರು ಬೇಕಾದರೂ ಅನ್ನುವುದು ಮಾತಿಗೆ. ಸಾಕ್ಷಿಗೆ ಒಂದು ದಾರಿ ಇತ್ತು, ಆ ದಾರಿ ಬಿಟ್ಟು ಯಾರೂ ಹೋಗುತ್ತಿರಲಿಲ್ಲ. ಮೊದಲು ಕತ್ತಲೆ ಹೇಳಬೇಕು, ಆಮೇಲೆ ಬೆಳಕು ಹೇಳಬೇಕು, ಮತ್ತು ಆ ಕತ್ತಲೆ ಮುಗಿದುಹೋದ ಕತ್ತಲೆಯೇ ಆಗಿರಬೇಕು. ಕಾಯಿಲೆ ಇತ್ತು, ವಾಸಿಯಾಯಿತು. ಜಗಳ ಇತ್ತು, ರಾಜಿಯಾಯಿತು. ಇನ್ನೂ ಕಾಯಿಲೆ ಇದೆ, ಇನ್ನೂ ಜಗಳ ಇದೆ ಅಂತ ಎದ್ದು ನಿಂತವರನ್ನು ನಾನು ಕಾಣೆ. ಪ್ರಭಾಕರ ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡುವವನು. ಕೊಪ್ಪರಿಗೆಯ ಮುಂದೆ ಬೆಳಗಿಂದ ಬೆಂದು, ಕೆಲಸ ಬಿಟ್ಟ ಮೇಲೆ ಸಾರಾಯಿ ಕುಡಿಯುವುದು ಅಲ್ಲಿಯವರಿಗೆ ಸ್ನಾನ ಮಾಡಿದಷ್ಟೇ ಸಹಜ. ಇವನು ಅವರೆಲ್ಲರಿಗಿಂತ ಜಾಸ್ತಿ ಕುಡಿದ. ಒಂದು ಸಲ ಪ್ರಾರ್ಥನೆ ಮಾಡಿಸಿಕೊಂಡು ಬಿಟ್ಟ. ಆ ಭಾನುವಾರ ಎದ್ದು ನಿಂತು, ಕರ್ತನು ನನ್ನನ್ನು ಬಿಡಿಸಿದ ಅಂತ ಸಾಕ್ಷಿ ಹೇಳಿದ. ಅವನು ಸುಳ್ಳು ಹೇಳಲಿಲ್ಲ. ಅವತ್ತು ನಿಜಕ್ಕೂ ಬಿಟ್ಟಿದ್ದ. ಹೆಂಗಸರು ಅತ್ತರು, ಗಂಡಸರು ತಬ್ಬಿಕೊಂಡರು, ಅವ್ವ ನಡುಮನೆಯಲ್ಲಿ ತಲೆ ಎತ್ತಿ ಕೂತಳು. ಮುಂದಿನ ವಾರ ಅವನನ್ನು ಕಿಕ್ಕೇರಿಗೆ ಕರೆದುಕೊಂಡು ಹೋಗಿ ಹೇಳಿಸಿದರು. ಆಮೇಲೆ ಶ್ರೀರಂಗಪಟ್ಟಣಕ್ಕೆ. ಅವನು ಮತ್ತೆ ಕುಡಿಯುವ ಹೊತ್ತಿಗೆ ಅವನ ಸಾಕ್ಷಿ ಅವನಿಗಿಂತ ಮುಂದೆ ಊರೂರು ತಿರುಗಾಡಿಬಿಟ್ಟಿತ್ತು. ಇನ್ನು ಯಾರ ಹತ್ತಿರ ಹೇಳುತ್ತಾನೆ, ಬಿದ್ದೆ ಅಂತ?

ಹಾಗಾಗಿ ಹಿತ್ತಿಲ ಬಾಗಿಲಿಂದ ಬರಲು ಶುರುಮಾಡಿದ. ಸೀಬೆ ಎಲೆ ಕಿತ್ತು ಅಗಿದು, ತೊಟ್ಟಿಯ ನೀರಲ್ಲಿ ಬಾಯಿ ಮುಕ್ಕಳಿಸಿ, ಆಮೇಲೆ ಒಳಗೆ. ಅವ್ವ ಮುದ್ದೆ ಬಡಿಸುವಳು, ಮೂಗು ಆ ಕಡೆ ತಿರುಗಿಸಿಕೊಂಡು. ಮನೆಯಲ್ಲಿ ಮೂವರಿಗೂ ಗೊತ್ತು, ಮೂವರೂ ಮಾತಾಡುವುದಿಲ್ಲ. ಉಪ್ಪೆಸರಿಗೆ ಉಪ್ಪು ಸಾಲದು ಅನ್ನುವುದೂ ಆ ಮನೆಯಲ್ಲಿ ಜಗಳವಾಗುತ್ತಿತ್ತು, ಯಾಕೆಂದರೆ ಜಗಳ ಆಡಬೇಕಾದದ್ದನ್ನು ಆಡುವ ಹಾಗಿರಲಿಲ್ಲ. ಹೆಂಡತಿ ಬಿಟ್ಟು ಹೋದದ್ದೂ ಇದಕ್ಕೇ. ಒಂದು ಸಲ ಸಂತೆಯಲ್ಲಿ ಸಿಕ್ಕಾಗ ಶಾಂತ ನನಗೆ ಒಂದೇ ಮಾತು ಹೇಳಿದ್ದಳು:

"ಕುಡಿಯೋದ್ನ ತಡ್ಕಂತಿದ್ದೆ ಅತ್ಗೆ. ಭಾನ್ವಾರ ಭಾನ್ವಾರ ಪಕ್ಕದಲ್ ಕುಂತ್ಕಂಡು ಆಮೆನ್ ಅನ್ನಾಕಾಗಕಿಲ್ಲ."

ಇನ್ನು ಜಾಡಿಯ ವಿಷಯ. ತಿಂಗಳ ಮೊದಲ ಭಾನುವಾರ ಕರ್ತನ ಭೋಜನ. ಅಂದರೆ ಪಾದ್ರಿ, ನಾವು ಅಯ್ಯನವರು ಅನ್ನುವುದು, ರೊಟ್ಟಿ ಮುರಿದು, ದ್ರಾಕ್ಷಾರಸ ಹಂಚಿ, ಎಲ್ಲರೂ ತಿಂದು ಕುಡಿಯುವುದು. ಆ ರಸ ಮಾಡುವುದು ಅಪ್ಪನ ಕಾಲದಿಂದ ಅವ್ವನ ಹಕ್ಕು. ದ್ರಾಕ್ಷಿ ಕಾಲದಲ್ಲಿ ಕಪ್ಪು ದ್ರಾಕ್ಷಿ ತರಿಸಿ, ಉಪವಾಸವಿದ್ದು, ಒಬ್ಬಳೇ ಕುದಿಸುವಳು. ಸಭೆಯಲ್ಲಿ ಕುಡಿತ ಬಿಟ್ಟವರು ಇರುತ್ತಾರೆ, ಹುಳಿ ಬಂದು ಅಮಲಾಗಬಾರದು ಅಂತ ಚೆನ್ನಾಗಿ ಕಾಯಿಸಿ, ಪಿಂಗಾಣಿ ಜಾಡಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಅದರ ಮೇಲೆ ರಾಗಿ ಹಿಟ್ಟಿನ ಅಂಟು ಮೆತ್ತಿ, ಅಟ್ಟದ ಮೇಲೆ ಇಡಿಸುವಳು. ತಿಂಗಳಿಗೊಂದು ಸಲ ಬೇಕಾದಷ್ಟು ತೆಗೆದು ಮತ್ತೆ ಮೆತ್ತಿ ಇಡಿಸುವಳು, ಮಿಕ್ಕ ದಿನ ಆ ಜಾಡಿಯನ್ನು ಯಾರೂ ಮುಟ್ಟುವ ಹಾಗಿಲ್ಲ. ನಾವು ಮಕ್ಕಳಾಗಿದ್ದಾಗ ಅಟ್ಟದ ಕಡೆ ನೋಡಿದರೂ ಬೈಯುತ್ತಿದ್ದಳು. ಮನೆಯಲ್ಲಿ ಅವ್ವ ಹುಡುಕದ ಜಾಗವಿರಲಿಲ್ಲ, ಹಾಸಿಗೆ, ಸೌದೆ ಒಟ್ಟು, ಕೋಳಿಗೂಡು ಎಲ್ಲ ತಡಕುತ್ತಿದ್ದಳು. ಹುಡುಕದ ಒಂದೇ ಒಂದು ಜಾಗ ಅದು.

ಆ ಭಾನುವಾರ ದೊಡ್ಡ ಸಭೆ. ಪ್ರಭಾಕರನನ್ನು ಸಭೆ ನಡೆಸುವ ಹಿರಿಯರಲ್ಲಿ ಒಬ್ಬನನ್ನಾಗಿ ಮಾಡುವುದಿತ್ತು. ಅವನ ಸಾಕ್ಷಿ ಕೇಳಲು ಕಿಕ್ಕೇರಿಯಿಂದ ಜನ ಬರುವವರಿದ್ದರು. ನಾಗಮಂಗಲದಿಂದ ಮಾರ್ಥಮ್ಮ ಅನ್ನುವ ಹೆಂಗಸು, ತನ್ನ ಕುಡುಕ ಗಂಡನನ್ನು ಹೇಗೋ ಒಪ್ಪಿಸಿ ಕರೆದುಕೊಂಡು ಬರುವವಳಿದ್ದಳು. ಮಧ್ಯಾಹ್ನ ಅವ್ವ ನನ್ನನ್ನು ಅಟ್ಟಕ್ಕೆ ಹತ್ತಿಸಿದಳು. ಏಣಿ ಮೇಲೆ ನಿಂತು ಜಾಡಿ ಎತ್ತಿದೆ, ಹಗುರವಾಗಿತ್ತು. ಅಲ್ಲಾಡಿಸಿದರೆ ನೀರಿನ ಸದ್ದಿಲ್ಲ, ಏನೋ ಮೆತ್ತಗೆ ಕುಲುಕುವ ಸದ್ದು. ಕೆಳಗಿಳಿಸಿ ಅಂಟು ಕಿತ್ತು ಬಟ್ಟೆ ಬಿಚ್ಚಿದೆ. ಒಳಗೆ ಸಾರಾಯಿ ಪಾಕೀಟುಗಳು. ಕೆಲವು ತುಂಬಿದವು, ಕೆಲವು ಮೂಲೆ ಕಚ್ಚಿ ಹೀರಿದವು. ಅವ್ವ ಬಗ್ಗಿ ನೋಡಿದಳು. ಒಂದು ಗಳಿಗೆ ಗೋಡೆ ಹಿಡಿದು ನಿಂತಳು. ಅಷ್ಟೇ. ಆಮೇಲೆ ನನ್ನ ಕೈಯಿಂದ ಬಟ್ಟೆ ಕಿತ್ತುಕೊಂಡು ಜಾಡಿಯ ಬಾಯಿ ಮುಚ್ಚಿದಳು.

"ಸೌದೆ ಹಿಂದಕ್ಕೆ ತಳ್ಳು ಇದ್ನ. ಬೆಲ್ಲದ್ ನೀರು ಕಾಯ್ಸು. ಬೀಟ್ರೂಟ್ ತುರ್ದು ಹಿಂಡ್ಬುಡು, ಬಣ್ಣ ಬತ್ತದೆ."

"ಅವ್ವ, ಅದು ಕರ್ತನ ಭೋಜ್ನ ಕಣೇ."

"ನಂಗೆ ಯೋಳ್ಕೊಡಾಕ್ ಬತ್ತೀಯಾ? ಇವತ್ತು ಈ ಮನೆ ಮಾನ ಹೋದ್ರೆ ನಾಳೆಯಿಂದ ಚಾಪೆ ಬೇರೆಯೋರ್ ಮನೇಲಿ ಹಾಸ್ತಾರೆ. ನಿಮ್ಮಪ್ಪ ಉಸ್ರು ಬುಡೋವಾಗ ನನ್ ಕೈಗೆ ಕೊಟ್ಟೋಗಿರೋದು ಇದೊಂದೇಯ. ತುರಿ."

ತುರಿಯಲು ಕೂತೆ. ಕೈಯೆಲ್ಲ ಕೆಂಪಾಯಿತು. ಒಲೆಯ ಮೇಲೆ ಬೆಲ್ಲದ ನೀರು ಕುದಿಯುತ್ತಿತ್ತು, ಪ್ರಭಾಕರ ಇಳಿಸಿದ ಬೆಲ್ಲವೇ, ವಾಸನೆ ಚೆನ್ನಾಗಿತ್ತು. ನಡುಮನೆಯಲ್ಲಿ ಜನ ಸೇರುವ ಸದ್ದು. ಅಡುಗೆಮನೆಯ ಕಿಟಕಿ ಹಿತ್ತಿಲಿಗೆ ತೆರೆಯುತ್ತದೆ. ಹೊರಗೆ ಸೀಬೆ ಮರದ ಕೆಳಗೆ ಪ್ರಭಾಕರ ಬಿಳಿ ಷರಟು ಹಾಕಿಕೊಂಡು ನಿಂತಿದ್ದ, ಎಲೆ ಅಗಿಯುತ್ತಾ. ನಾಗಮಂಗಲದ ಮಾರ್ಥಮ್ಮನ ಗಂಡ ರಾಜಣ್ಣ ಬೀಡಿ ಸೇದಲು ಹಿಂದಕ್ಕೆ ಬಂದ. ಟೆಂಪೋ ಓಡಿಸುವವನು, ಕಣ್ಣು ಹಳದಿಯಾಗಿತ್ತು. ಪ್ರಭಾಕರನನ್ನು ಮೇಲಿಂದ ಕೆಳಗೆ ನೋಡಿದ.

"ನೀನೇ ಏನ್ಲಾ ಕುಡ್ತ ಬುಟ್ಟೋನು?"

"ಊಂ."

"ಒಂದೇ ಸಲಕ್ ಬುಡ್ತಂತಲ್ಲ. ಆಮ್ಯಾಕೆ ಬೇಕು ಅಂತ್ಲೇ ಅನಿಸ್ಲಿಲ್ವಂತೆ. ನಮ್ಮನೆಯೋಳು ದಿನಾ ಯೋಳ್ತಾಳೆ ನಿನ್ ಕತೆಯ, ತಲೆ ಕೆಟ್ಟೋಗದೆ ನಂಗೆ."

ಪ್ರಭಾಕರ ಎಲೆ ಅಗಿಯುತ್ತಲೇ ಇದ್ದ. ರಾಜಣ್ಣ ಬೀಡಿಯ ಬೂದಿ ಕೊಡವಿದ. ಆಮೇಲೆ ದನಿ ತಗ್ಗಿಸಿ ಹೇಳಿದ:

"ನಾನೂ ಕೇಳ್ಕಂಡೆ ಕಣ್ಲಾ ಸ್ವಾಮೀನ. ಟೆಂಪೋ ನಿಲ್ಸಿ, ಸ್ಟೇರಿಂಗ್ ಮ್ಯಾಲೆ ತಲೆ ಮಡ್ಗಿ, ಅತ್ತು ಕರ್ದು ಕೇಳ್ಕಂಡೆ. ಸಂಜೀಕೆ ಮತ್ತೆ ಕುಡ್ದೆ. ನಿನ್ ಮಾತು ಕೇಳ್ತಾನೆ, ನನ್ ಮಾತು ಕೇಳಕಿಲ್ಲ. ನಿಮ್ ದೇವ್ರಿಗೆ ನಾನಂದ್ರೆ ಆಗಕಿಲ್ಲ ಅಂತ ಕಾಣ್ತದೆ. ಬುಡು, ಇವ್ಳ ಕಾಟಕ್ಕೆ ಬಂದೀವ್ನಿ, ಇವತ್ತೊಂದಿನ ಕುಂತ್ ಎದ್ದೋಯ್ತೀನಿ, ಮತ್ತೆ ಈ ಕಡೀಕ್ ತಲೆ ಹಾಕಕಿಲ್ಲ."

ಬೀಡಿ ಹೊಸಕಿ ಒಳಗೆ ಹೋದ. ನಾನು ಕಿಟಕಿಯಲ್ಲಿ ನೋಡುತ್ತಿದ್ದೆ. ಪ್ರಭಾಕರ ಬಾಯಲ್ಲಿದ್ದ ಎಲೆಯನ್ನು ಉಗಿದ. ಇನ್ನೊಂದು ಕೀಳಲು ಕೈ ಎತ್ತಿದವನು ಹಾಗೇ ನಿಂತ. ನನ್ನನ್ನು ಕಂಡ, ನನ್ನ ಕೆಂಪು ಕೈ ಕಂಡ.

"ಅಕ್ಕ, ಜಾಡಿ ಇಳ್ಸುದ್ರಾ?"

"ಇಳಿಸ್ದೋ. ರಸ ಏನ್ಲಾ ಮಾಡ್ದೆ?"

"ಕುಡ್ದೆ. ಪಾಕೀಟ್ ಸಿಗ್ದೇ ಇದ್ದ ದಿನ. ಅದ್ರಲ್ಲೇನೂ ಅಮಲಿಲ್ಲ ಅಂತ ಗೊತ್ತಿತ್ತು, ಆದ್ರೂ ಕುಡ್ದೆ."

ಬೈಯಬೇಕು ಅನಿಸಿತು. ಒಳಗೆ ಕೀರ್ತನೆ ಶುರುವಾಯಿತು, ಅವನು ಒಳಗೆ ಹೋದ. ನಾನು ತುರಿದ ಬೀಟ್ರೂಟಿನ ಮುಂದೆ ಕೂತೆ. ತುರಿದಿದ್ದೆ, ಹಿಂಡಿರಲಿಲ್ಲ. ಅವ್ವ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಒಂದು ಕಣ್ಣು ನಡುಮನೆಯ ಮೇಲೆ, ಒಂದು ಕಣ್ಣು ನನ್ನ ಮೇಲೆ ಇಟ್ಟಿದ್ದಳು. "ಹಿಂಡೇ, ಹಿಂಡು" ಅಂತ ಹಲ್ಲು ಕಚ್ಚಿ ಹೇಳಿದಳು. ಅಷ್ಟರಲ್ಲಿ ಶ್ರೀರಂಗಪಟ್ಟಣದಿಂದ ಬಸ್ಸಿನಲ್ಲಿ ಬಂದಿದ್ದ ನಮ್ಮ ಅಯ್ಯನವರು ಪ್ರಭಾಕರನ ಹೆಸರು ಕರೆದರು. ಒಣಕಲು ಮುದುಕ, ದನಿ ಮೆತ್ತಗೆ. ಪ್ರಭಾಕರ ಎದ್ದು ನಿಂತ. ಎಲ್ಲರಿಗೂ ಸಾಕ್ಷಿ ಬಾಯಿಪಾಠವಾಗಿತ್ತು, ಆಮೆನ್ ಎಲ್ಲಿ ಅನ್ನಬೇಕು ಅಂತಲೂ ಗೊತ್ತಿತ್ತು. ಅವನು ಸುಮ್ಮನೆ ನಿಂತ. ಜನ ಮೊದಲು ತಲೆ ತಗ್ಗಿಸಿ ಕಾದರು, ಆಮೇಲೆ ತಲೆ ಎತ್ತಿ ನೋಡಿದರು. ಅವನು ಬಾಗಿಲ ಹತ್ತಿರ ಕೂತಿದ್ದ ರಾಜಣ್ಣನನ್ನು ನೋಡಿಕೊಂಡು ಹೇಳಿದ:

"ನಾನು ಬುಟ್ಟಿಲ್ಲ."

ಯಾರಿಗೂ ಅರ್ಥವಾಗಲಿಲ್ಲ. ಅವ್ವನಿಗೆ ಆಯಿತು. ಹೊಸ್ತಿಲಿಂದಲೇ ಕೂಗಿದಳು:

"ಜರ ಬಂದದೆ ಅಯ್ನೋರೆ ಅವ್ನಿಗೆ! ಬೆಳಿಗ್ಗಿಂದ ಏನೇನೋ ಮಾತಾಡ್ತಾವ್ನೆ. ಕುಂತ್ಕಳ್ಲಾ!"

"ಜರ ಇಲ್ಲ. ಇವತ್ತು ಬೆಳಿಗ್ಗೇನೂ ಕುಡ್ದಿದೀನಿ. ಬುಟ್ಟಿದ್ದು ನಿಜ, ಬುಟ್ಟೆ ಅಂತ ಯೋಳಿದ್ದೂ ನಿಜ. ಆಮ್ಯಾಕೆ ಬಿದ್ದೆ. ಬಿದ್ದೆ ಅಂತ ಯೋಳಾಕೆ ಈ ನಡುಮನೇಲಿ ಜಾಗ ಇರ್ಲಿಲ್ಲ. ಅಕ್ಕ, ಆ ಜಾಡಿ ತತ್ತಾ ಇಲ್ಲಿ."

ಎಲ್ಲರೂ ಅಡುಗೆಮನೆಯ ಕಡೆ ತಿರುಗಿದರು. ನಾನು ಸೌದೆಯ ಹಿಂದಿನಿಂದ ಜಾಡಿ ಎತ್ತಿಕೊಂಡೆ. ಅವ್ವ ಹೊಸ್ತಿಲಿಗೆ ಅಡ್ಡ ಕೂತಿದ್ದಳು. ನನ್ನ ಸೀರೆಯ ನೆರಿಗೆ ಹಿಡಿದುಕೊಂಡಳು, ನನ್ನ ಬೆರಳು ಕೊಯ್ದ ದಿನ ಹಿಡಿದ ಹಾಗೇ. "ಬ್ಯಾಡ ಕಣೇ, ಬ್ಯಾಡ ಕಣ್ ಮಗ" ಅಂದಳು. ಅವಳು ನನ್ನನ್ನು ಮಗ ಅಂದದ್ದು ಎಷ್ಟೋ ವರ್ಷದ ಮೇಲೆ. ನೆರಿಗೆ ಬಿಡಿಸಿಕೊಂಡೆ. ಅವಳ ಕಾಲು ದಾಟಿ ನಡುಮನೆಗೆ ಹೋಗಿ, ಅಯ್ಯನವರ ಮುಂದೆ, ರೊಟ್ಟಿಯ ತಟ್ಟೆಯ ಪಕ್ಕ ಜಾಡಿ ಇಟ್ಟೆ. ಬಟ್ಟೆ ತೆಗೆದೆ. ವಾಸನೆ ಎದ್ದಿತು. ವಾಪಸು ಹೋಗಬೇಕಾಗಿತ್ತು, ಹೋಗಲಿಲ್ಲ. ಆ ನಡುಮನೆಯಲ್ಲಿ ನಾನು ಬಾಯಿ ತೆರೆದದ್ದು ಅದೇ ಮೊದಲು.

"ಬೊಂಬಾಯಿಂದ ಕಾಗ್ದ ಬರಕಿಲ್ಲ. ನನ್ ಗಂಡ ಕೆ.ಆರ್. ಪೇಟೇಲವ್ನೆ, ಇನ್ನೊಬ್ಳನ್ನ ಇಟ್ಕಂಡು. ನಾನು ಅವ್ನಿಗೋಸ್ಕರ ಪ್ರಾರ್ಥ್ನೆ ಮಾಡ್ತಿಲ್ಲ. ಅವ್ನು ಸಾಯ್ಲಿ ಅಂತ್ಲೇ ಇವತ್ತಿಗೂ ಅನಿಸ್ತದೆ. ಕೇಳ್ತಿದ್ರಲ್ಲ, ಅದ್ಕೆ ಯೋಳ್ದೆ."

ಸಭೆಯ ಹಿರಿಯ ಜ್ಞಾನಪ್ಪನವರು ಎದ್ದರು. ಮುಖ ಕಪ್ಪಿಟ್ಟಿತ್ತು.

"ಎದ್ದೇಳಿ ಎಲ್ರೂ. ಕರ್ತನ ರಸದ ಜಾಡಿಗೆ ಸಾರಾಯಿ ತುಂಬೋ ಮನೇಲಿ ಭೋಜ್ನ ಬ್ಯಾಡ. ಬೇರೆ ಮನೆ ನೋಡುವ."

ಒಬ್ಬಿಬ್ಬರು ಚಪ್ಪಲಿ ಹುಡುಕಲು ಎದ್ದರು. ಅವ್ವ ಒಲೆಯ ಹಿಂದಕ್ಕೆ ಹೋಗಿದ್ದಳು, ಅಲ್ಲಿಂದ ಅಳುವ ಸದ್ದು ಬರುತ್ತಿತ್ತು. ಅವಳು ನಲವತ್ತು ವರ್ಷ ಕಾಪಾಡಿದ್ದನ್ನು ನಾವಿಬ್ಬರು ಮಕ್ಕಳು ಒಂದು ಮಧ್ಯಾಹ್ನದಲ್ಲಿ ಕೆಡವಿದ್ದೆವು. ಅಯ್ಯನವರು ಜಾಡಿಯೊಳಗೆ ನೋಡುತ್ತಿದ್ದರು. ಬೈಯುತ್ತಾರೆ ಅಂತ ಕಾದೆ. ಅವರು ಪ್ರಭಾಕರನನ್ನು ಬಿಟ್ಟು ನನ್ನನ್ನು ಕೇಳಿದರು:

"ರಸ ಇಲ್ಲ ಅಂತಾಯ್ತು. ಒಲೆ ಮೇಲೆ ಏನೋ ಕುದೀತಿದೆಯಲ್ಲಮ್ಮ, ಏನದು?"

"ಬೆಲ್ಲದ್ ನೀರು. ಬೀಟ್ರೂಟ್ ಹಿಂಡಿ ನಿಮ್ಗೆ ಮೋಸ ಮಾಡಾಕೆ ಕಾಯ್ಸಿದ್ದು."

"ಹಿಂಡಿದ್ದೀಯಾ?"

"ಇಲ್ಲ."

"ಹಾಗಾದ್ರೆ ತಗೊಂಡು ಬಾ. ಬೆಲ್ಲ ಯಾರು ಮಾಡಿದ್ದು?"

"ಇವ್ನೇ."

"ಸರಿ. ಜ್ಞಾನಪ್ಪನವರೇ, ಕೂತ್ಕೊಳ್ಳಿ. ಗೆದ್ದವರಿಗೆ ಮಾತ್ರ ಈ ಊಟ ಅಂದ್ರೆ ನಾನೂ ನಿಮ್ಮ ಹಿಂದೆ ಚಪ್ಪಲಿ ಹಾಕ್ಕೊಂಡು ಬರಬೇಕಾಗ್ತದೆ. ಆಮೇಲೆ ಹಂಚೋರು ಯಾರು?"

ಜ್ಞಾನಪ್ಪನವರು ಕೂರಲಿಲ್ಲ. ಹೋದರು, ಅವರ ಹಿಂದೆ ಎರಡು ಮನೆಯವರು ಹೋದರು. ಉಳಿದವರು ಉಳಿದರು. ನಾನು ಬೆಲ್ಲದ ನೀರು ಸೋಸಿ ತಂದೆ. ಬಣ್ಣ ಮಣ್ಣಿನ ಹಾಗಿತ್ತು, ದ್ರಾಕ್ಷಿಯ ಹಾಗೆ ಇರಲೇ ಇಲ್ಲ. ಅಯ್ಯನವರು ಅದನ್ನೇ ಎತ್ತಿ ಪ್ರಾರ್ಥನೆ ಮಾಡಿ ಹಂಚಿದರು. ಪ್ರಭಾಕರ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದ, ತೆಗೆದುಕೊಳ್ಳಲಿಲ್ಲ. ಅಯ್ಯನವರು ಲೋಟ ಹಿಡಿದು ಅವನ ಮುಂದೆ ನಿಂತೇ ಇದ್ದರು. ಎಷ್ಟು ಹೊತ್ತು ಅಂದರೆ ನಮಗೇ ಕಾಲು ನೋವು ಬಂತು. ಕೊನೆಗೆ ಅವನು ಕೈ ಮುಂದಕ್ಕೆ ತಂದ. ಆಮೇಲೆ ಅಯ್ಯನವರು ಇನ್ನೊಂದು ಲೋಟ ತೆಗೆದುಕೊಂಡು ಹೊಸ್ತಿಲು ದಾಟಿ ಅಡುಗೆಮನೆಗೆ ಹೋದರು. ಯಾವ ಅಯ್ಯನವರೂ ಅಲ್ಲಿಗೆ ಕಾಲಿಟ್ಟವರಲ್ಲ. ಒಲೆಯ ಹಿಂದೆ, ಹೊಗೆಯಲ್ಲಿ, ಅವ್ವನ ಎದುರು ಕುಕ್ಕರುಗಾಲಲ್ಲಿ ಕೂತರು.

"ಇದು ದ್ರಾಕ್ಷಿ ಅಲ್ಲ ಅಯ್ನೋರೆ" ಅಂದಳು ಅವ್ವ.

"ಗೊತ್ತು ಸುಂದ್ರಮ್ಮ. ಕುಡೀರಿ."

ಕುಡಿದಳು. ಸೆರಗಲ್ಲಿ ಬಾಯಿ ಒರೆಸಿಕೊಂಡು, "ಸೀ ಜಾಸ್ತಿ ಆಗದೆ" ಅಂದಳು. ನನ್ನ ಮೇಲೆ ಕೋಪ ಇತ್ತಲ್ಲ, ಅಷ್ಟಾದರೂ ಅನ್ನಬೇಕಾಗಿತ್ತು.

ರಾಜಣ್ಣನಿಗೆ ದೀಕ್ಷಾಸ್ನಾನ ಆಗಿರಲಿಲ್ಲ, ಅವನಿಗೆ ಲೋಟ ಕೊಡಲಿಲ್ಲ. ಆದರೆ ಹೋಗುವಾಗ ಅವನು ಜಗಲಿಯಲ್ಲಿ ಪ್ರಭಾಕರನ ಹೆಗಲಿಗೆ ಒಂದು ಗುದ್ದು ಕೊಟ್ಟ. "ಲೇ, ಬಡ್ಡಿಮಗನೆ, ನೀನೂ ನನ್ನಂಗೇಯ" ಅಂದ. ಮುಂದಿನ ತಿಂಗಳು ಹೆಂಡತಿ ಕರೆಯದೆಯೇ ಬಂದ, ಬಾಗಿಲು ಬಿಟ್ಟು ಒಳಗೆ ಬಂದು ಕೂತ.

ಕುಡಿತ ಬಿಡಿಸಿದ ಕಥೆ ಅಂತ ಯಾರೂ ಇದನ್ನು ತಿಳಿಯಬೇಡಿ. ಪ್ರಭಾಕರನನ್ನು ಹಿರಿಯನನ್ನಾಗಿ ಮಾಡಲಿಲ್ಲ, ಆಮೇಲೆ ಯಾವ ಊರಿಗೂ ಸಾಕ್ಷಿ ಹೇಳಲು ಕರೆಯಲಿಲ್ಲ. ಶಾಂತ ಬಂದಳು, ಹೋದಳು, ಮತ್ತೆ ಬಂದಳು. ನನ್ನ ಗಂಡನನ್ನು ನಾನು ಕ್ಷಮಿಸಿದೆನೋ ಇಲ್ಲವೋ ಈಗಲೂ ಹೇಳಲಾರೆ, ಸಾಯಲಿ ಅನ್ನುವುದು ಮಾತ್ರ ಎಂದೋ ನಿಂತುಹೋಗಿತ್ತು, ನಿಂತದ್ದು ನನಗೇ ಗೊತ್ತಾಗಲಿಲ್ಲ. ಅವ್ವ ಮುಂದಿನ ದ್ರಾಕ್ಷಿ ಕಾಲದಲ್ಲಿ ಮತ್ತೆ ರಸ ಕುದಿಸಿದಳು. ಜಾಡಿಯನ್ನು ಅಟ್ಟಕ್ಕೆ ಹತ್ತಿಸಲಿಲ್ಲ, ಅಡುಗೆಮನೆಯಲ್ಲಿ ಉಪ್ಪಿನ ಮಡಕೆಯ ಪಕ್ಕ ಇಟ್ಟಳು. ಮಂಡಿನೋವು ಅಂದಳು. ಇರಬಹುದು.

ಆ ಭಾನುವಾರ ಕಳೆದು ಮೂರ್ನಾಲ್ಕು ದಿನವಾಗಿರಬೇಕು, ಸಂಜೆ ನಾನು ಮತ್ತು ಅವ್ವ ನಡುಮನೆಯಲ್ಲಿ ಅವರೆಕಾಳು ಬಿಡಿಸುತ್ತಾ ಕೂತಿದ್ದೆವು. ಆಲೆಮನೆ ಬಿಡುವ ಹೊತ್ತು. ನಮ್ಮಿಬ್ಬರ ಕಿವಿಯೂ ಅಭ್ಯಾಸಬಲದಿಂದ ಹಿತ್ತಿಲ ಕಡೆಗೇ ಇತ್ತು, ಸೀಬೆ ಕೊಂಬೆ ಅಲ್ಲಾಡುವ ಸದ್ದು, ತೊಟ್ಟಿಯ ನೀರಿನ ಸದ್ದು ಬರುತ್ತದೆ ಅಂತ. ಬರಲಿಲ್ಲ. ಜಗಲಿಯ ಮೇಲೆ ಯಾರೋ ಎಡವಿದ ಸದ್ದಾಯಿತು. ಪ್ರಭಾಕರ ಮುಂಬಾಗಿಲಲ್ಲಿ, ಎರಡೂ ಕೈಯಲ್ಲಿ ಚೌಕಟ್ಟು ಹಿಡಿದುಕೊಂಡು ನಿಂತಿದ್ದ. ಕಣ್ಣು ಕೆಂಪಗಿತ್ತು. ವಾಸನೆ ಅವನಿಗಿಂತ ಮೊದಲೇ ಒಳಗೆ ಬಂದಿತ್ತು.

"ಅವ್ವ, ಇವತ್ತೂ ಬಿದ್ದೆ" ಅಂದ.

ಅವ್ವ ಅವರೆಕಾಳಿನ ಮೊರ ಪಕ್ಕಕ್ಕೆ ಸರಿಸಿ ನಡುಮನೆಯಲ್ಲಿ ಜಾಗ ಮಾಡಿದಳು.

"ಬಾ ಒಳೀಕೆ" ಅಂದಳು. "ಹೊಸ್ಲು ನೋಡ್ಕಂಡ್ ಬಾ."